ಒಂದು ಮೊರ ತೌಡು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಊರಿನವರು ರೆಕ್ಕೆ ಕಾರಣ ಅನ್ನುತ್ತಾರೆ. ಪಾಪ, ರೆಕ್ಕೆ ಏನು ಮಾಡೀತು? ತನ್ನ ಪಾಡಿಗೆ ಬೆನ್ನ ಮೇಲೆ ಬಿದ್ದುಕೊಂಡಿತ್ತು.

ಹೌದು, ನನಗೆ ರೆಕ್ಕೆಗಳಿವೆ. ಕ್ಯಾಲೆಂಡರಿನ ಗಂಧರ್ವರ ಬೆನ್ನಿಗೆ ಬರೆಯುತ್ತಾರಲ್ಲ, ಅಂಥ ಬೆಳ್ಳಗಿನವು ಅಂದುಕೊಳ್ಳಬೇಡಿ. ಕಂದು ಬಣ್ಣ, ಬುಡದಲ್ಲಿ ಬೂದು. ನೆಂದರೆ ನಾತ ಹೊಡೆಯುತ್ತವೆ, ಬೇಸಗೆಯಲ್ಲಿ ಹೇನಾಗುತ್ತವೆ. ಹುಟ್ಟಿದಂದಿನಿಂದ ಒಂದು ದಿನವೂ ನಾನು ಅಂಗಾತ ಮಲಗಿದವಳಲ್ಲ.

ಇವು ದೇವರು ಕೊಟ್ಟವಲ್ಲ, ಡಾಕ್ಟರು ಕೊಟ್ಟವು. ತೊಂಬತ್ತನೇ ಇಸವಿಯಿಂದ ಏಳೆಂಟು ವರ್ಷ, ಜಾಗ ಬದಲಿಸುತ್ತ, ಹಾಸನದಲ್ಲಿ ಒಬ್ಬ ಡಾಕ್ಟರು ಮಕ್ಕಳಾಗದವರಿಗೆ, ಆದ ಮಕ್ಕಳು ಉಳಿಯದವರಿಗೆ ಔಷಧ ಮಾಡುತ್ತಿದ್ದರು. ಸುತ್ತಲಿನ ತಾಲ್ಲೂಕುಗಳಿಂದ ಹೆಂಗಸರು ಬರುತ್ತಿದ್ದರು. ಆ ಹೆಂಗಸರ ಗರ್ಭಕ್ಕೆ ಪಿಂಡ ಇಡುವ ಮೊದಲೇ ಡಾಕ್ಟರು ಅದರೊಳಗೆ ಕೈಯಾಡಿಸುತ್ತಿದ್ದರು. ನಮ್ಮನ್ನು ನೋಡಲು ಬಂದವರಿಗೆ ಅವರು 'ಜೀನು ತಿದ್ದಿದ್ದೇವೆ' ಅನ್ನುತ್ತಿದ್ದರು, ಮೇಷ್ಟ್ರು ಕಾಪಿ ಪುಸ್ತಕ ತಿದ್ದಿದಷ್ಟೇ ಸಲೀಸಾಗಿ. ಹಾಗೆ ಹುಟ್ಟಿದ ಒಂಬತ್ತು ಮಕ್ಕಳನ್ನು ಗೊರೂರಿನ ಹತ್ತಿರ, ಅಣೆಕಟ್ಟು ಕಟ್ಟುವಾಗ ಯಾರೋ ಎಬ್ಬಿಸಿ ಬಿಟ್ಟುಹೋಗಿದ್ದ ಹಳೇ ಮನೆಯೊಂದರಲ್ಲಿ, ಎತ್ತರದ ಕಾಂಪೌಂಡು ಹಾಕಿ ಇಟ್ಟಿದ್ದರು. ಏಳು ಸತ್ತವು. ಉಳಿದದ್ದು ನಾನು, ಗುಂಡ.

ಡಾಕ್ಟರ ಪುಸ್ತಕದಲ್ಲಿ ನಾನು ನಾಲ್ಕನೇ ನಂಬರು, ಅವನು ಒಂಬತ್ತು. ಹಂಸ ಅಂತ ನನಗೂ ಗುಂಡ ಅಂತ ಅವನಿಗೂ ಹೆಸರಿಟ್ಟವಳು ಅಡುಗೆಯ ಬಸವಲಿಂಗಮ್ಮ. ಅವಳು ಅರಕಲಗೂಡಿನ ಕಡೆಯವಳು. ಒಂದು ತುತ್ತು ಹೆಚ್ಚಿಗೆ ಹಾಕಿದರೆ ಬೈಸಿಕೊಳ್ಳುತ್ತಿದ್ದಳು, ಆದರೂ ಹಾಕುತ್ತಿದ್ದಳು.

ಹಾರುತ್ತಿದ್ದಿರಾ ಅಂತ ಎಲ್ಲರೂ ಕೇಳುತ್ತಾರೆ. ಹಾರಲು ಬಿಟ್ಟರಲ್ಲವೇ? ತಿಂಗಳಿಗೊಮ್ಮೆ ಕಾವಲಿನ ಈಶ್ವರಯ್ಯ ಬಂದು ನಮ್ಮ ಬಲರೆಕ್ಕೆಯ ದೊಡ್ಡ ಗರಿಗಳನ್ನು ಕತ್ತರಿಸುತ್ತಿದ್ದ. ಎಡರೆಕ್ಕೆ ಮುಟ್ಟುತ್ತಿರಲಿಲ್ಲ. ಕೋಳಿಗೂ ಹಾಗೇ ಮಾಡುತ್ತಾರೆ. ಒಂದೇ ಕಡೆ ಕತ್ತರಿಸಿದರೆ ಹಾರಲು ಹೋದದ್ದು ಅದೇ ಕಡೆಗೆ ವಾಲಿಕೊಂಡು ಬೀಳುತ್ತದೆ. ಗುಂಡನಿಗೆ ಮಾತ್ರ ಇದು ತಲೆಗೆ ಹೋಗುತ್ತಲೇ ಇರಲಿಲ್ಲ. ಏಳು ವರ್ಷದ ಹುಡುಗ, ದಿನಾ ಬೆಳಿಗ್ಗೆ ಎದ್ದ ಕೂಡಲೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

"ನೋಡಕ್ಕ, ನೆನ್ನೆಗಿಂತ ಬೆಳ್ದೈತೆ ಅಲ್ವಾ?"

"ಬೆಳ್ದೈತೆ ಕಣೋ," ಅನ್ನುತ್ತಿದ್ದೆ. ಬೆಳೆದಿರುತ್ತಿರಲಿಲ್ಲ.

ಎರಡು ಸಾವಿರದ ಮೂರರ ಆಷಾಢ. ಒಂದು ಬೆಳಿಗ್ಗೆ ಬಸವಲಿಂಗಮ್ಮ ಗಂಜಿ ಪಾತ್ರೆಯ ಜೊತೆ ಎರಡು ಹಳೇ ಕಂಬಳಿ ತಂದಳು.

"ಇದ್ನ ಮುಚ್ತಾರಂತೆ ಕಣ್ರವ್ವ. ಸೋಮ್ವಾರ ನಿಮ್ಮಿಬ್ರಿಗೂ ಸೂಜಿ ಚುಚ್ಚಿ ಮುಗುಸ್ಬುಡ್ತಾರಂತೆ. ಈಸ್ವರಯ್ಯ ಗುಂಡಿ ತೆಗ್ಯಾಕೆ ಜಾಗ ನೋಡ್ತಾವ್ನೆ. ಎದ್ದು ಓಗಿ, ನಿಮ್ಮಪ್ಪ ಅವ್ವನ್ ಮನೆ ಸೇರ್ಕಳಿ."

"ನಮ್ಮಪ್ಪ ಅವ್ವ ಯಾರು?"

ಸೆರಗಿನಿಂದ ಎರಡು ಕಾಗದ ತೆಗೆದಳು. "ನಂಗೆ ಓದಾಕ್ ಬರಕಿಲ್ಲ. ನಿಮ್ ನಂಬ್ರಿನ ಫೈಲ್ನಾಗಿದ್ವು. ನೀನೇ ಓದ್ಕೊ."

ನಮ್ಮ ಬುದ್ಧಿ ಎಷ್ಟಿದೆ ಅಂತ ಅಳೆಯಲೆಂದೇ ಡಾಕ್ಟರು ನಮಗೆ ಅಕ್ಷರ ಕಲಿಸಿದ್ದರು. ಕಲಿಸದಿದ್ದರೇ ಚೆನ್ನಾಗಿತ್ತು. ನನ್ನ ಕಾಗದದಲ್ಲಿ ಹೀಗಿತ್ತು: 'ಹಳೇಕೋಟೆ ಗ್ರಾಮದ ಸುದರ್ಶನ್ ಎಂಬುವವರ ಹೆಂಡತಿ ಆಶಾರಾಣಿ ಆದ ನಾನು ಬರೆದುಕೊಡುವುದೇನೆಂದರೆ, ಈ ದಿನ ಹುಟ್ಟಿದ ಹೆಣ್ಣು ಮಗು ನನ್ನದಲ್ಲ. ಈ ಮಗುವಿಗೂ ನನಗೂ ಯಾವ ಸಂಬಂಧವೂ ಇಲ್ಲ. ಇದನ್ನು ಸ್ವಂತ ಮನಸ್ಸಿನಿಂದ ಒಪ್ಪಿ ಸಹಿ ಮಾಡಿರುತ್ತೇನೆ.' ಕೆಳಗೆ ಸಹಿ. ಸಹಿಯ ಪಕ್ಕದಲ್ಲಿ ಸಾಕ್ಷಿಯಾಗಿ ಇನ್ಯಾರದೋ ಹೆಬ್ಬೆಟ್ಟು.

ಅಕ್ಷರ ದುಂಡಗಿದ್ದವು. ಕೈ ನಡುಗಿದ ಗುರುತೇ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟಿದ ದಿನವೇ, ಅಷ್ಟು ನಿಧಾನವಾಗಿ ಕೂತು, ದುಂಡಗೆ ಸಹಿ ಹಾಕಿ ಕೊಟ್ಟಳಲ್ಲ ಮಹಾತಾಯಿ! ಹೋಗುತ್ತೇನೆ, ಹೋಗಿ ಎದುರಿಗೆ ನಿಂತು ಯಾಕೆ ಅಂತ ಕೇಳುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಗುಂಡನ ಕಾಗದ ಗೆದ್ದಲು ತಿಂದು ಅರ್ಧವಾಗಿತ್ತು. ಹೆಸರಿಲ್ಲ, ಬೀದಿಯಿಲ್ಲ. ಕೆಳಗಡೆ 'ಚನ್ನರಾಯಪಟ್ಟಣ' ಅಂತ ಒಂದು ಪದ ಉಳಿದಿತ್ತು.

"ಚನ್ನರಾಯಪಟ್ಣ ದೊಡ್ಡೂರಾ ಅಕ್ಕ?"

"ದೊಡ್ಡೂರು."

"ಎಷ್ಟ್ ಮನೆ ಅವೆ?"

"ಮೊದ್ಲು ನಮ್ಮವ್ವನ ಹತ್ರ ಓಗಾನ. ಆಮೇಲೆ ಅಲ್ಲಿಗೋಗಿ ಒಂದೊಂದ್ ಮನೆ ಬಾಗ್ಲೂ ತಟ್ಟಾನ. ಸಿಗ್ನಿಲ್ಲ ಅಂದ್ರೆ ನಮ್ಮವ್ವನೇ ನಿಂಗೂ ಅವ್ವ, ಆಯ್ತಾ?"

"ಆಯ್ತು," ಅಂದ ಗುಂಡ. ಅವನಿಗೆ ಎಲ್ಲಕ್ಕೂ ಆಯ್ತೇ.

ಈಶ್ವರಯ್ಯ ಸ್ನಾನಕ್ಕೆ ಹೋದ ಹೊತ್ತಿಗೆ ಬಸವಲಿಂಗಮ್ಮ ಹಿಂದಿನ ಗೇಟು ತೆಗೆದಳು. ನೀನೂ ಬಾ ಅಂದೆ. ನಾನೂ ಬಂದ್ರೆ ಇಂದೇನೇ ಬತ್ತಾರೆ, ಇಲ್ಲಿದ್ರೆ ಮದ್ಯಾನದ್ ಗಂಟ ಸುಳ್ಳೇಳಿ ನಿಲ್ಲುಸ್ತೀನಿ ಅಂದಳು. ಆಮೇಲೆ ಅವಳು ಏನಾದಳೋ ಇವತ್ತಿಗೂ ಗೊತ್ತಿಲ್ಲ.

ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹೊದ್ದರೆ ಬೆನ್ನು ಪೂರ್ತಿ ಮುಚ್ಚುತ್ತದೆ. ಆಷಾಢದ ಜಡಿಮಳೆಯಲ್ಲಿ ಗದ್ದೆಗೆ ಹೋಗುವವರೆಲ್ಲ ಕೊಪ್ಪೆ ಹಾಕಿಕೊಂಡೇ ಇರುತ್ತಾರೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬಂದರೂ ಗೂನುಬೆನ್ನು ಅಂದುಕೊಂಡರು. ನಾಲೆಯ ಏರಿ ಹಿಡಿದು ಎರಡು ದಿನ ನಡೆದೆವು. ಕಬ್ಬಿನ ಗದ್ದೆಯ ಬದುವಿನಲ್ಲಿ ಮಲಗಿದೆವು. ಗುಂಡ ದಾರಿಯಲ್ಲಿ ಸಿಕ್ಕವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದ: "ನೀವು ಚನ್ನರಾಯಪಟ್ಣದವ್ರಾ?" ಬಾಯಿ ಮುಚ್ಚೋ ಅಂತ ನಾನು ಜಿಗುಟಿದರೂ ಬಿಡುತ್ತಿರಲಿಲ್ಲ. ಎಮ್ಮೆ ಮೇಯಿಸುವವರನ್ನೂ ಕೇಳಿದ, ಬಳೆ ಮಾರುವವಳನ್ನೂ ಕೇಳಿದ. ಬಳೆಯವಳು ನಕ್ಕು, "ಅಲ್ಲ ಕಣ್ ಮಗ, ಯಾಕೆ, ಎಣ್ ಕೊಡ್ತೀಯಾ?" ಅಂದಳು. ಅವನು ಅದಕ್ಕೂ ಆಯ್ತು ಅಂದ.

ಅರಕಲಗೂಡಿನಲ್ಲಿ ಒಂದು ಆಟೋ ಮೈಕು ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತಿತ್ತು. 'ಗೂನು ಬೆನ್ನಿನ ಇಬ್ಬರು ಮಕ್ಕಳು ಆಸ್ಪತ್ರೆಯಿಂದ ತಪ್ಪಿಸಿಕೊಂಡಿರುತ್ತಾರೆ. ಅವರಿಗೆ ಅಂಟುರೋಗ ಇರುತ್ತದೆ. ಕಂಡವರು ಈ ನಂಬರಿಗೆ ಫೋನ್ ಮಾಡಿ.' ನಾವು ಎಸ್‌ಟಿಡಿ ಬೂತಿನ ಹಿಂದೆಯೇ ಕೂತಿದ್ದೆವು. ಗುಂಡ ಕಿವಿಗೊಟ್ಟು ಕೇಳಿ, "ಅಂಟುರೋಗ ಅಂದ್ರೇನಕ್ಕ?" ಅಂದ. "ನಾವು ಕಣೋ," ಅಂದೆ. ಅಲ್ಲಿಂದ ತೆಂಗಿನ ಸಿಪ್ಪೆ ತುಂಬಿದ್ದ ಟ್ರಾಕ್ಟರಿನ ಟ್ರೈಲರ್ ಹತ್ತಿ, ಸಿಪ್ಪೆಯೊಳಗೆ ಹುದುಗಿ ಹೊಳೆನರಸೀಪುರ ಸೇರಿದೆವು. ಮಾರನೇ ಬೆಳಿಗ್ಗೆ ಹಳೇಕೋಟೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸುದರ್ಶನ್ ಅಂದ ಕೂಡಲೇ ಅಂಗಡಿಯವನು, "ಅವ್ನೋಗಿ ಎರಡೊರ್ಸಾಯ್ತಲ್ಲವ್ವ, ಕಾಮಾಲೆ ಆಗಿತ್ತು. ಎಡ್ತಿ, ಅವ್ವ ಅವ್ರೆ," ಅಂತ ಕೈ ತೋರಿಸಿದ. ಅಪ್ಪ ಸತ್ತಿದ್ದಾನೆ ಅಂತ ನನಗೆ ತಿಳಿದದ್ದು ಹೀಗೆ, ಬೀಡಿ ಕಟ್ಟು ಬಿಚ್ಚುತ್ತಿದ್ದವನ ಬಾಯಿಂದ.

ಹೆಂಚಿನ ಮನೆ. ಜಗಲಿಯ ಮೇಲೆ ಒಬ್ಬ ಮುದುಕಿ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳು ದೊಡ್ಡತಾಯಮ್ಮ, ನನ್ನ ಅಪ್ಪನ ತಾಯಿ. ನಾನು ಮಾತಾಡುವ ಮೊದಲೇ ಒಳಗಿನಿಂದ ಒಬ್ಬ ಹೆಂಗಸು ಹುಲ್ಲಿನ ಕುಕ್ಕೆ ಹಿಡಿದು ಬಂದಳು. ಅವಳು ನನ್ನ ಮುಖ ನೋಡಲಿಲ್ಲ. ಮೊದಲು ನನ್ನ ಬೆನ್ನು ನೋಡಿದಳು. ಕುಕ್ಕೆ ಕೈಜಾರಿ ಬಿತ್ತು.

"ಒಳ್ಗೆ ಬನ್ನಿ," ಅಂದಳು. ಯಾರು, ಎಲ್ಲಿಂದ ಬಂದಿರಿ ಅಂತ ಕೇಳಲೇ ಇಲ್ಲ. ಬಾಗಿಲು ಹಾಕಿ ಅಗುಳಿ ಎಳೆದಳು.

ಬಿಸಿ ಮುದ್ದೆ, ಬಸ್ಸಾರು ಹಾಕಿದಳು. ಗುಂಡ ಎರಡು ಮುದ್ದೆ ನುಂಗಿದ. ನುಂಗಿದವನೇ, "ನೀವು ಚನ್ನರಾಯಪಟ್ಣದವ್ರಾ?" ಅಂದ. ಅವಳು ಅಳುತ್ತಲೇ ನಕ್ಕಳು. "ಅಲ್ಲ ಕಣ್ ಮಗ. ಇನ್ನೊಂದ್ಚೂರ್ ಉಣ್ಣು," ಅಂತ ಅವನ ತಲೆ ಸವರಿದಳು. ಕಂಬಳಿ ತೆಗೆದು, ರೆಕ್ಕೆಗೆ ಮೆತ್ತಿದ್ದ ನಾರು ಬಿಡಿಸಿದಳು. ಸೆರಗು ನೆನೆಸಿ ಅವನ ಮುಖ ಒರೆಸಿದಳು. ನನ್ನನ್ನು ಮಾತ್ರ ಮುಟ್ಟಲಿಲ್ಲ. ನನ್ನ ತಟ್ಟೆಗೆ ಸಾರು ಬಿಡುವಾಗಲೂ ಕೈ ದೂರ ಹಿಡಿದಿದ್ದಳು. ಗುಂಡನಿಗೆ ಬಾಯಿ ತುಂಬ ಮಗ, ಮಗ. ಹೆಣ್ಣಿಗೂ ಗಂಡಿಗೂ ಈ ಕಡೆ ಮಗ ಅಂತಲೇ ಕರೆಯುವುದು, ಆದರೂ ನನಗೆ ಏನೂ ಇಲ್ಲ, ಹೆಸರು ಸಹ ಕೇಳಲಿಲ್ಲ.

ಊಟ ಮುಗಿಯುವವರೆಗೆ ತಡೆದುಕೊಂಡೆ. ಆಮೇಲೆ ಕಾಗದವನ್ನು ಅವಳ ಮುಂದಿಟ್ಟೆ.

"ಇದು ನಿಮ್ ಸೈನಾ?"

ನೋಡಿದಳು. "ಊಂ. ನಂದೇಯ."

"ನಾನ್ ನಿಮ್ ಮಗಳಲ್ವಾ?"

ಅವಳು ತಲೆಯೆತ್ತಿ ತೊಲೆಯ ಕಡೆ ನೋಡಿದಳು. ಅಲ್ಲಿ ಹಗ್ಗದ ನೆಲುವಿನಲ್ಲಿ ಒಂದು ಮಣ್ಣಿನ ಮಡಕೆ ತೂಗುತ್ತಿತ್ತು. ಅದರ ಬಾಯಿಗೆ ಅರಿಶಿನದ ಬಟ್ಟೆ ಕಟ್ಟಿತ್ತು.

"ಅಲ್ಲ," ಅಂದಳು. "ನೀನ್ ನನ್ ಮಗ ಅಲ್ಲ."

"ಮತ್ಯಾರ್ ಮಗಳು?"

"ಯಾರ್ ಮಗ್ಳೋ ಕಾಣೆ. ನಂದಲ್ಲ. ನಂದಲ್ಲ ಅಂತ ಯೋಳ್ಲಿಲ್ವಾ!"

ಹೊರಗಿನಿಂದ ಮುದುಕಿ ಕೂಗಿದಳು: "ಅವ್ಳನ್ನ ಅಂಗೆಲ್ಲ ಕೇಳ್ಬ್ಯಾಡ ಕಣವ್ವ. ಉಂಡು ಸುಮ್ಕೆ ಮನೀಕ. ಎಷ್ಟ್ ದಿನ ಬೇಕಾದ್ರೂ ಇರಿ, ಯಾರ್ ಬ್ಯಾಡ ಅಂದಾರು? ಆ ಒಂದ್ ಮಾತ್ ಮಾತ್ರ ಕೇಳ್ಬ್ಯಾಡ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇದನ್ನು ನಾನು ಸಾವಿರ ಸಲ ಅಂದುಕೊಂಡಿದ್ದೇನೆ. ಇರಲು ಜಾಗ ಕೊಟ್ಟರು, ಬಾಗಿಲಿಗೆ ಅಗುಳಿ ಹಾಕಿ ಬಚ್ಚಿಟ್ಟುಕೊಂಡರು, ಹೊಟ್ಟೆ ತುಂಬ ಉಣ್ಣಲಿಕ್ಕಿದರು. ಆದರೆ ನಾನು ಬಂದದ್ದು ಊಟಕ್ಕಲ್ಲವಲ್ಲ. ನನಗೆ ಬೇಕಾದದ್ದು ಒಂದೇ ಮಾತು, ಬೇಡ ಅಂದದ್ದೂ ಅದೊಂದನ್ನೇ.

ಅವಳು ಮತ್ತೆ ಆ ಮಡಕೆಯನ್ನೇ ನೋಡಿದಳು.

"ಅದ್ರೊಳ್ಗೇನೈತೆ?" ಅಂದೆ.

"ಅದ್ನ ಮುಟ್ಬ್ಯಾಡ."

ಮುಟ್ಟಬೇಡ! ಹದಿಮೂರು ವರ್ಷ ಅದೇ ಕೇಳಿದ್ದೆ. ಗೇಟು ಮುಟ್ಟಬೇಡ, ಕಿಟಕಿ ಮುಟ್ಟಬೇಡ, ಸತ್ತ ಮಕ್ಕಳನ್ನು ಮುಟ್ಟಬೇಡ. ಮೂಲೆಯಲ್ಲಿ ಒನಕೆ ಇತ್ತು. ಎತ್ತಿ ಒಂದೇ ಏಟು ಹಾಕಿದೆ. ಮಡಕೆ ಒಡೆದು ನೆಲದ ತುಂಬ ತೌಡು ಚೆಲ್ಲಿತು. ಬರೀ ತೌಡು, ದನಕ್ಕೆ ಹಾಕುವ ಭತ್ತದ ತೌಡು, ಹಳತಾಗಿ ಕಮಟು ವಾಸನೆ ಹೊಡೆಯುತ್ತಿತ್ತು.

"ತೌಡ್ನ ಕಟ್ಟಿ ಮಡಿಕ್ಕಂಡಿದೀರಿ," ಅಂತ ಕಿರುಚಿದೆ, "ಎತ್ತ ಮಗಳ್ನ ಬರ್ಕೊಟ್ಬುಟ್ರಿ!"

ಅವಳು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. ನೆಲದ ತೌಡನ್ನು ಎರಡೂ ಅಂಗೈಯಲ್ಲಿ ಬಾಚತೊಡಗಿದಳು. ನನಗೆ ಅದನ್ನು ನೋಡಿ ಇನ್ನೂ ಸಿಟ್ಟು ಬಂತು. ಮಗಳು ಹೊರಟಿದ್ದಾಳೆ, ಇವಳಿಗೆ ದನದ ತೌಡಿನ ಚಿಂತೆ! ಗುಂಡನ ತಲೆಗೆ ಕಂಬಳಿ ಎಳೆದು, ಅಗುಳಿ ತೆಗೆದು, ಅವನನ್ನು ದರದರ ಎಳೆದುಕೊಂಡು ಹೊರಟೆ.

"ಆ ಅವ್ವ ಒಳ್ಳೇವ್ಳು ಕಣಕ್ಕ," ಅಂದ ಗುಂಡ.

"ಸುಮ್ನಿರೋ."

"ಇನ್ನೊಂದ್ ಮುದ್ದೆ ಕೊಡ್ತಿದ್ಲು."

ಬಸ್ಸು ನಿಲ್ಲುವ ಜಾಗ ದೂರವೇನಿಲ್ಲ. ಅಲ್ಲಿ ಒಂದು ಅಂಗಡಿ, ಎದುರಿಗೆ ನೀರಿನ ಓವರ್‌ಹೆಡ್ ಟ್ಯಾಂಕು, ಅದರ ಬುಡದಲ್ಲಿ ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳು. ಹೊಳೆನರಸೀಪುರಕ್ಕೆ ಹೋಗುವ ಏಳೆಂಟು ಜನ ಮಳೆಗೆ ಕೊಪ್ಪೆ, ಛತ್ರಿ ಹಿಡಿದು ನಿಂತಿದ್ದರು. ನಾವೂ ಅವರ ನಡುವೆ ಸೇರಿಕೊಂಡೆವು.

"ಈಗ ಚನ್ನರಾಯಪಟ್ಣಕ್ಕಾ?"

"ಊಂ."

"ಅದ್ ಯಾವ್ ಕಡೀಕೈತೆ?"

ಟ್ಯಾಂಕಿನ ಆಚೆ ಕೈ ತೋರಿಸಿದೆ. ಸರಿಯಾದ ದಿಕ್ಕೋ ಅಲ್ಲವೋ, ಆಗ ನನಗೆ ಗೊತ್ತೂ ಇರಲಿಲ್ಲ. ಗುಂಡ ಆ ಕಡೆ ಬಹಳ ಹೊತ್ತು ನೋಡಿದ.

ಬಸ್ಸಿಗೆ ಮೊದಲು ಜೀಪು ಬಂತು. ಮುಂದಿನ ಸೀಟಿನಿಂದ ಈಶ್ವರಯ್ಯ ಇಳಿದ. ನಾನು ಗುಂಡನ ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದು ತಲೆ ಬಗ್ಗಿಸಿದೆ. ಈಶ್ವರಯ್ಯ ಅಂಗಡಿಯವನನ್ನು ಕೇಳಿದ: "ಗೂನ್ ಬೆನ್ನಿನ ಎರಡ್ ಮಕ್ಳೇನಾದ್ರೂ ಬಂದಿದ್ವಾ ಈ ಕಡೆ?"

ಅಂಗಡಿಯವನಿಗೆ ಬೆಳಿಗ್ಗೆ ದಾರಿ ಕೇಳಿದವಳು ನಾನೇ. ಅವನು ನಮ್ಮ ಕಡೆ ನೋಡಿದ. ಅವನ ಮನಸ್ಸಿಗೆ ಏನು ಬಂತೋ, ಒಳ್ಳೆಯವನು. "ಮಳೇಲಿ ಎಲ್ರೂ ಗೂನಾಗೇ ಕಾಣ್ತಾರೆ, ನಾನೇನ್ ಬೆನ್ ನೋಡ್ಕೊಂಡ್ ಕೂತಿರ್ತೀನಾ ಸಾ," ಅಂದ. ಈಶ್ವರಯ್ಯ ಉಗಿದು ಜೀಪಿನ ಕಡೆ ತಿರುಗಿದ. ಒಂದು ಕಾಲು ಒಳಗೆ ಇಟ್ಟೂ ಆಗಿತ್ತು.

ಆಗ ಅವಳ ದನಿ ಕೇಳಿತು. ಬೀದಿಯ ಆ ತುದಿಯಿಂದ ಓಡಿಬರುತ್ತಿದ್ದಳು, ಸೆರಗು ಜಾರಿತ್ತು, ಕೈಯೆಲ್ಲ ತೌಡು.

"ಬಸ್ ಅತ್ತುಸ್ಬ್ಯಾಡಿ ಕಣ್ರಪ್ಪೋ! ಅದು ನನ್ ಮಗ! ಆ ಎಣ್ಮಗ ನಂದು! ನನ್ ಒಟ್ಟೇಲ್ ಉಟ್ಟಿದ್ದು, ರೆಕ್ಕೆ ಇರೋ ಮಗ ನನ್ ಮಗ ಕಣ್ರಪ್ಪೋ!"

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಗುಂಡನ ಕೈ ಹಿಡಿದು ಅಂಗಡಿಯ ಹಿಂದೆ ಓಡಬೇಕಿತ್ತು. ಈಶ್ವರಯ್ಯ ನಾಲ್ಕು ಮಾರು ದೂರದಲ್ಲಿದ್ದ, ನನಗೆ ಗೊತ್ತಿತ್ತು. ಆದರೆ ಹುಟ್ಟಿದಂದಿನಿಂದ ಕಾದಿದ್ದ ಮಾತು ಕಿವಿಗೆ ಬಿದ್ದಿತ್ತು. ನಾನು ಗುಂಡನ ಕೈ ಬಿಟ್ಟೆ. ಕೊಪ್ಪೆ ಜಾರಿ ಬಿದ್ದರೂ ಲೆಕ್ಕಿಸದೆ ಅವಳ ಕಡೆ ತಿರುಗಿ, "ಅವ್ವಾ" ಅಂದೆ. ಅವಳು ಬಂದು ನನ್ನನ್ನು ತಬ್ಬಿಕೊಂಡಳು. ಎಷ್ಟು ಹೊತ್ತು ಅಂತ ಕೇಳಿದರೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.

ಈಶ್ವರಯ್ಯನನ್ನು ಕಂಡ ಗುಂಡ ಓಡಿದ್ದ. ಎಲ್ಲಿಗೆ ಓಡುತ್ತಾನೆ, ಎದುರಿಗಿದ್ದದ್ದು ಟ್ಯಾಂಕು. ಕಬ್ಬಿಣದ ಏಣಿ ಹಿಡಿದು ಸರಸರ ಏರಿಬಿಟ್ಟ. ಈಶ್ವರಯ್ಯ ಬುಡದಲ್ಲಿ ನಿಂತು, "ಇಳಿಯೋ ನೈನು, ಇಳಿ ಮಗ್ನೆ," ಅನ್ನುತ್ತಿದ್ದ. ಜನ ಸೇರಿದರು. ಗುಂಡ ಮೇಲಿನ ಕಟ್ಟೆಯ ಮೇಲೆ ನಿಂತು ಕಂಬಳಿ ಬಿಚ್ಚಿ ಎಸೆದ. ಅವನ ಪುಟ್ಟ ರೆಕ್ಕೆ ಕಂಡು ಹೆಂಗಸರು ಅಯ್ಯಯ್ಯೋ ಅಂತ ಎದೆ ಮೇಲೆ ಕೈ ಇಟ್ಟುಕೊಂಡರು.

"ಬ್ಯಾಡ ಕಣೋ ಗುಂಡಾ! ಬಲ್ಗಡೆ ಗರಿ ಬೆಳ್ದಿಲ್ಲ!"

"ಬೆಳ್ದೈತೆ ಅಂದಿದ್ಯಲ್ಲಕ್ಕ!" ಅಂತ ಕೂಗಿದ.

ಹೌದು, ಅಂದಿದ್ದೆ. ದಿನಾ ಬೆಳಿಗ್ಗೆ ಅಂದಿದ್ದೆ.

ನಾನು ಕೈ ತೋರಿಸಿದ್ದ ಕಡೆಗೇ ಹಾರಿದ. ಒಂದು ಕ್ಷಣ ಗಾಳಿ ಅವನನ್ನು ಹಿಡಿಯಿತು, ಸುಳ್ಳು ಹೇಳುತ್ತಿಲ್ಲ, ಊರೆಲ್ಲ ನೋಡಿದೆ. ರಸ್ತೆಯಷ್ಟು ಅಗಲ ಹಾರಿದ. ಆಮೇಲೆ ಬಲಕ್ಕೆ ವಾಲಿದ, ಸುತ್ತಿದ, ಟ್ಯಾಂಕಿನ ಬುಡಕ್ಕೇ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದ. ನಾವು ಹತ್ತಿರ ಹೋಗುವಷ್ಟರಲ್ಲಿ ಮುಗಿದಿತ್ತು.

ಜನ ಈಶ್ವರಯ್ಯನ ಮೇಲೆ ತಿರುಗಿಬಿದ್ದರು. ಅವನು ಜೀಪು ಹತ್ತಿ ಓಡಿದ. ಪೊಲೀಸರು ಗೊರೂರಿಗೆ ಹೋದಾಗ ಅಲ್ಲಿ ಖಾಲಿ ಗೋಡೆಗಳಿದ್ದವಂತೆ, ಒಂದಿಷ್ಟು ಗರಿ ಬಿದ್ದಿದ್ದವಂತೆ. ಕೋಳಿ ಫಾರಂ ಇತ್ತು ಅಂತ ಬರೆದುಕೊಂಡು ವಾಪಸು ಬಂದರು.

ಮಧ್ಯಾಹ್ನ ಗುಂಡನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಮೊದಲ ಸಲ ಅವನು ಅಂಗಾತ ಮಲಗಿದ್ದ. ಅವ್ವ ಅವನ ಕಾಲ ಬಳಿ ಕೂತಿದ್ದಳು. ನಾನು ಪಕ್ಕಕ್ಕೆ ಹೋದರೆ ಎದ್ದು ದೂರ ಸರಿದಳು. ದೊಡ್ಡತಾಯಮ್ಮ ಒಳಗೆ ನೆಲದ ಮೇಲೆ ಕೂತು ಚೆಲ್ಲಿದ್ದ ತೌಡನ್ನು ಒಂದು ಮೊರಕ್ಕೆ ಗೋರುತ್ತಿದ್ದಳು. ನನ್ನನ್ನು ಕರೆದಳು.

"ಬಾ ಇಲ್ಲಿ. ನಿಂಗೆ ಯೋಳ್ಬೇಕು. ಮೊದ್ಲೇ ಯೋಳ್ಬೇಕಿತ್ತು, ಯೋಳಿದ್ರೆ ಪಲ ಓಗ್ತದೆ ಅಂತ ಬಾಯ್ ಮುಚ್ಕಂಡಿದ್ದೆ."

ಅವಳು ಹೇಳಿದ್ದು ಇಷ್ಟು. ನನಗಿಂತ ಮೊದಲು ಅವ್ವನಿಗೆ ಮೂರು ಮಕ್ಕಳಾಗಿ ಮೂರೂ ಸತ್ತವು, ಒಂದೂ ತಿಂಗಳು ತುಂಬಲಿಲ್ಲ. ಹಾಗೆ ಮಕ್ಕಳು ಉಳಿಯದ ಮನೆಯಲ್ಲಿ, ಮತ್ತೆ ಮಗು ಹುಟ್ಟಿದರೆ ಅದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತಾರೆ. ಇದು ನನ್ನದಲ್ಲ ಅಂತ ತಾಯಿ ಬಾಯಿಬಿಟ್ಟು ಹೇಳಬೇಕು. ಬೇರೆಯವಳೊಬ್ಬಳು ಅದನ್ನು ಎತ್ತಿಕೊಂಡು ಒಂದು ಮೊರ ತೌಡು ಕೊಡುತ್ತಾಳೆ. ಅಲ್ಲಿಗೆ ಮಗು ಮಾರಿದ ಹಾಗೆ. ಆಮೇಲೆ ತಾಯಿಯೇ ಸಾಕುತ್ತಾಳೆ, ಆದರೆ ಕೇಳಿದವರಿಗೆಲ್ಲ 'ನಂದಲ್ಲ, ತೌಡಿಗೆ ಕೊಟ್ಟಿದ್ದು' ಅನ್ನಬೇಕು. ಇವಳ ಮಗು ಅಂತ ಗೊತ್ತಾದರೆ ತಾನೇ ಸಾವು ಹುಡುಕಿಕೊಂಡು ಬರುವುದು? ಆ ತೌಡನ್ನು ಕಟ್ಟಿಡಬೇಕು. ಅದು ಇರುವವರೆಗೆ ಮಗು ಇರುತ್ತದೆ.

"ಆಸ್ಪತ್ರೇಲಿ ನೀನ್ ಉಟ್ದಾಗ ಬೆನ್ ಮ್ಯಾಲೆ ಎರಡ್ ಮೊಳ್ಕೆ ಇದ್ವು. ಇದೂ ಉಳ್ಯಾಕಿಲ್ಲ ಅಂತ ನಿಮ್ಮವ್ವ ಅಳ್ತಿದ್ಲು. ಆಗ ಆ ಡಾಕ್ಟ್ರು ಕಾಗ್ದ ತಂದು, ಈ ಮಗ ನಂದಲ್ಲ ಅಂತ ಸೈನ್ ಆಕಿ ಅಂದ್ರು. ನಂಗೆ ಸಂತೋಸ ಆಗೋಯ್ತು ಕಣವ್ವ. ಅಯ್ಯೋ, ಇಷ್ಟ್ ಓದ್ದೋರೂ ನಮ್ ಪದ್ಧತಿ ಮಾಡ್ತಾರಲ್ಲ, ಕಾಗ್ದದಾಗೇ ಬರುಸ್ಕತಾರಲ್ಲ ಅಂತ. ಅಳ್ಬ್ಯಾಡ, ಕೈ ನಡುಗ್ಸ್ದೆ ಸೈನ್ ಆಕು, ಇನ್ ಮಗ ಉಳೀತು ಬುಡು ಅಂತ ನಾನೇ ಯೋಳ್ದೆ. ಪಕ್ಕದಾಗಿರೋ ಎಬ್ಬೆಟ್ಟು ನಂದೇಯ."

ಹೆಬ್ಬೆಟ್ಟು ಎತ್ತಿ ತೋರಿಸಿದಳು. ಅದಕ್ಕೆ ತೌಡು ಮೆತ್ತಿತ್ತು.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ, ಮೂರು ತಿಂಗಳು ಯಾರೂ ನೋಡಬೇಡಿ ಅಂದರಂತೆ ಡಾಕ್ಟರು. ಮೂರು ತಿಂಗಳ ಮೇಲೆ ಹೋದರೆ ಆಸ್ಪತ್ರೆಗೆ ಬೀಗ. ಅಪ್ಪ ಹಾಸನದ ಬೀದಿಗಳನ್ನು ವರ್ಷಗಟ್ಟಲೆ ಸುತ್ತಿದನಂತೆ. ಅಜ್ಜಿ ಊರಿಗೆ ಬಂದು ಒಂದು ಮೊರ ತೌಡನ್ನು ಮಡಕೆಗೆ ಕಟ್ಟಿದಳು. ಮಗು ಎಲ್ಲೋ ಬದುಕಿದೆ, ನಾವು ಸುಮ್ಮನಿದ್ದರೆ ಬದುಕಿರುತ್ತದೆ ಅಂತ ಹದಿಮೂರು ವರ್ಷ ಇಬ್ಬರೂ ಬಾಯಿ ಹೊಲಿದುಕೊಂಡಿದ್ದರು.

"ನೀನ್ ಮಡ್ಕೆ ಒಡ್ದೆ. ಇನ್ ಮಾರಾಟ ಮುರೀತಲ್ಲ ಅಂತ ನಿಮ್ಮವ್ವ ಓಡ್ಬಂದ್ಲು, ಬಾಯ್ಬುಟ್ಟು ನಂದು ಅಂದ್ಬುಟ್ಲು. ಅಂದಿದ್ದೇ ತಡ, ಸಾವು ಬಂತು. ನಿನ್ನ ಉಡಿಕ್ಕಂಡ್ ಬಂದಿದ್ದು, ಅದ್ನ ಎತ್ಕಂಡೋಯ್ತು." ಮುದುಕಿ ಸೊರಸೊರ ಮೂಗು ಎಳೆದಳು. "ಗುಂಡ ಅಂತ ಎಸ್ರಿಟ್ರೂ ಉಳೀಲಿಲ್ವಲ್ಲ, ಕಲ್ಲಂಗಿರ್ಲಿ ಅಂತ ಇಡೋ ಎಸ್ರು."

ಹಾಗಲ್ಲ ಅಜ್ಜಿ, ಈಶ್ವರಯ್ಯ ಬಂದ, ನಾನು ಕೈ ಬಿಟ್ಟೆ, ಗರಿ ಬೆಳೆದಿದೆ ಅಂತ ಸುಳ್ಳು ಹೇಳಿದ್ದೆ, ಅದಕ್ಕೆ ಹೀಗಾಯಿತು ಅಂತ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ, ಮಾರಾಟ ಮತ್ತೆ ಮಾಡಬೇಕು ಅಂತ ಪಕ್ಕದ ಮನೆಯ ಗಂಗಾಂಬಿಕೆಯನ್ನು ಕೂಗಿದರು. ನನ್ನನ್ನು ತಿಪ್ಪೆಯ ಪಕ್ಕ ಮೊರದೊಳಗೆ ಕಾಲಿಟ್ಟು ನಿಲ್ಲಿಸಿದರು, ಮೊರದಲ್ಲಿ ಕೂರಲು ನಾನೇನು ಹಸುಗೂಸೇ? ಗಂಗಾಂಬಿಕೆ ನನ್ನ ಕೈ ಹಿಡಿದು ಇಳಿಸಿ, ಅದೇ ತೌಡನ್ನು ಅವ್ವನ ಸೆರಗಿಗೆ ಸುರಿದಳು. ಅವ್ವ ನನ್ನ ಕಣ್ಣನ್ನೇ ನೋಡುತ್ತ, "ನಂದಲ್ಲ," ಅಂದಳು.

ಸಂಜೆ ಹೊಲದ ಅಂಚಿನಲ್ಲಿ, ಅವ್ವನ ಮೂರು ಮಕ್ಕಳನ್ನು ಹೂಳಿದ್ದ ಜಾಗದಲ್ಲೇ ಗುಂಡನಿಗೂ ಗುಂಡಿ ತೆಗೆದರು. ಊರಿನ ಯಜಮಾನ ಚನ್ನಪ್ಪ ಬಂದಿದ್ದ. ಮಣ್ಣು ಹಾಕುವ ಹೊತ್ತಿಗೆ ಅವನು ಕೇಳಿದ: "ಯಾರ್ ಮಗ ಅಂತ ಮಣ್ಣಾಕಾನ? ಎತ್ತೋರು ಮೊದ್ಲು ಆಕ್ಬೇಕಲ್ಲ."

ಚನ್ನರಾಯಪಟ್ಟಣ ಅನ್ನುವ ಮಾತು ನನ್ನ ಬಾಯಿಯವರೆಗೆ ಬಂತು, ಆದರೆ ಒಂದು ಊರಿನ ಹೆಸರು ಹೇಳಿ ಯಾರ ಕೈಯಲ್ಲಿ ಮಣ್ಣು ಹಾಕಿಸುವುದು?

ಅವ್ವ ಮುಂದೆ ಬಂದಳು. "ನನ್ ಮಗ," ಅಂದಳು. ಗಟ್ಟಿಯಾಗಿ, ಹೊಲದ ಆ ಕಡೆಯವರಿಗೂ ಕೇಳುವ ಹಾಗೆ. "ಗುಂಡ ನನ್ ಮಗ ಕಣಣ್ಣ. ನಂದೇಯ." ಬಗ್ಗಿ ಮೂರು ಹಿಡಿ ಮಣ್ಣು ಹಾಕಿದಳು. ಇನ್ನು ಅವನಿಗೆ ಯಾವ ಭಯವೂ ಇರಲಿಲ್ಲ. ಸತ್ತವನನ್ನು ನನ್ನವನು ಅಂದರೆ ಯಾರು ಬಂದು ಏನು ಮಾಡಿಯಾರು?

ಚನ್ನಪ್ಪ ನನ್ನ ಕಡೆ ತಿರುಗಿದ. "ಇವ್ಳು? ಬೆಳಿಗ್ಗೆ ನಿನ್ ಮಗ್ಳು ಅಂತ ಕೂಗ್ತಿದ್ಯಂತೆ?"

"ಯಾವ್ದೋ ಸಂಕಟದಾಗೆ ಅಂದಿದ್ದು ಕಣಣ್ಣ. ಇದು ನನ್ ಮಗ ಅಲ್ಲ. ತೌಡಿಗೆ ಮಾರಿದ್ ಮಗ."

"ಅಂಗೇನವ್ವ?" ಅಂತ ನನ್ನನ್ನು ಕೇಳಿದ.

ಗೊರೂರಿನಿಂದ ಇಲ್ಲಿಯವರೆಗೆ ನಾನು ನಡೆದು ಬಂದದ್ದು ಯಾವ ಮಾತಿಗೋ, ಆ ಮಾತು ಗುಂಡನ ಪಾಲಿಗೆ ಹೋಗಿತ್ತು. ನನ್ನವ್ವನೇ ನಿನಗೂ ಅವ್ವ ಅಂತ ನಾನೇ ಹೇಳಿದ್ದೆನಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಮಣ್ಣಿನೊಳಗೆ ಮಲಗಿದ್ದ ಏಳು ವರ್ಷದ ಹುಡುಗನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನು, ಇದನ್ನೂ ಹೇಳಿಬಿಡುತ್ತೇನೆ.

"ಊಂ ಕಣಜ್ಜ," ಅಂದೆ. "ನಾನ್ ಇವ್ರ ಮಗಳಲ್ಲ."

ಇದಾಗಿ ಆರು ವರ್ಷ. ಈಗ ನನ್ನ ಗರಿಗಳನ್ನು ಯಾರೂ ಕತ್ತರಿಸುವುದಿಲ್ಲ, ಎರಡೂ ಕಡೆ ಸಮನಾಗಿ ಬೆಳೆದಿವೆ. ಹಾರಿ ನೋಡಿಲ್ಲ. ಒಂದು ಸಲ ಚನ್ನರಾಯಪಟ್ಟಣಕ್ಕೆ ಹೋಗಿ, ಗುಂಡನ ಕಾಗದ ಹಿಡಿದು, ಮೂರು ಬೀದಿಗಳ ಬಾಗಿಲು ತಟ್ಟಿ ಬಂದೆ. ನಾಲ್ಕನೆಯದಕ್ಕೆ ಕಾಲು ಬರಲಿಲ್ಲ. ಸಿಕ್ಕರೆ ಏನಂತ ಹೇಳಲಿ?

ಆಷಾಢ ಬಂದರೆ ಅವ್ವ ಹೊಲಕ್ಕೆ ಹೋಗಿ ಗುಂಡನ ಗುಡ್ಡೆಯ ಮೇಲೆ ಒಂದು ಮುದ್ದೆ ಇಟ್ಟು, "ಮಗಾ, ನನ್ ಮಗಾ," ಅಂತ ಬಾಯ್ತುಂಬ ಕರೆಯುತ್ತಾಳೆ. ನಾನು ಬದುವಿನಾಚೆ ನಿಂತು ಕೇಳಿಸಿಕೊಳ್ಳುತ್ತೇನೆ. ಮನೆಯಲ್ಲಿ ನನ್ನನ್ನು 'ಲೇ ಉಡ್ಗಿ' ಅನ್ನುತ್ತಾಳೆ. ನಾನು ಸತ್ತ ದಿನ ನನ್ನನ್ನೂ ಮಗ ಅಂತಲೇ ಕರೆಯುತ್ತಾಳೆ, ಅದು ನನಗೆ ಗೊತ್ತಿದೆ. ಅಲ್ಲಿಯವರೆಗೆ, ಮಡಕೆಯ ತೌಡಿಗೆ ಹುಳ ಬೀಳದ ಹಾಗೆ ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಕಟ್ಟಿಡುವ ಕೆಲಸ ನನ್ನದು.